ಸ್ಟಾರ್ವ್ಡ್ ರಾಕ್‌ನಲ್ಲಿ ವಸಂತದ ನಡಿಗೆ: ನೀರೂ ಹೂವೂ ಒಟ್ಟಿಗೆ ಸಿಗಬೇಕಾದರೆ ಹೇಗೆ ಹೋಗಬೇಕು?

ಮಾರ್ಚ್ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ಸ್ಟಾರ್ವ್ಡ್ ರಾಕ್‌ಗೆ ಹೋಗೋಣ ಅಂತಿದ್ದೀವಿ, ಯಾವಾಗ ಹೋದರೆ ಒಳ್ಳೇದು?" "ಹೋದ ವರ್ಷ ಹೋಗಿದ್ವಿ, ಜಲಪಾತದಲ್ಲಿ ನೀರೇ ಇರಲಿಲ್ಲ." "ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರಿಗೆ ನಡೆಯೋಕೆ ಆಗುತ್ತಾ?" "ಗೈಡ್ ಬೇಕೇ ಬೇಕಾ?" ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟಾರ್ವ್ಡ್ ರಾಕ್ ಸ್ಟೇಟ್ ಪಾರ್ಕ್ ಇರುವುದು ಇಲಿನಾಯ್ ರಾಜ್ಯದಲ್ಲಿ, ಯೂಟಿಕಾ ಎಂಬ ಪುಟ್ಟ ಊರಿನ ಪಕ್ಕ, ಇಲಿನಾಯ್ ನದಿಯ ದಕ್ಷಿಣ ದಂಡೆಯ ಮೇಲೆ. ಶಿಕಾಗೋದಿಂದ ಸುಮಾರು 95 ಮೈಲಿ, ಅಂದರೆ 150 ಕಿಲೋಮೀಟರ್. ಸುತ್ತಲೂ ಮೆಕ್ಕೆಜೋಳದ ಹೊಲಗಳ ಸಪಾಟು ನೆಲ. ಅದರ ಮಧ್ಯೆ ಇದ್ದಕ್ಕಿದ್ದ ಹಾಗೆ ಮರಳುಗಲ್ಲಿನ ಗೋಡೆಗಳು, 18 ಕ್ಯಾನಿಯನ್‌ಗಳು, 13 ಮೈಲಿ ಕಾಲುದಾರಿ. ಪಾರ್ಕಿಗೆ ಪ್ರವೇಶ ಶುಲ್ಕ ಇಲ್ಲ. 1911ರಲ್ಲಿ ರಾಜ್ಯ ಸರ್ಕಾರ ಈ ಜಾಗವನ್ನು ಕೊಂಡುಕೊಂಡಿತು.

ಕ್ಯಾನಿಯನ್ ಅಂದ ಕೂಡಲೇ ಗ್ರ್ಯಾಂಡ್ ಕ್ಯಾನಿಯನ್ ಕಣ್ಣ ಮುಂದೆ ತಂದುಕೊಳ್ಳಬೇಡಿ. ಇಲ್ಲಿನವು ಇಕ್ಕಟ್ಟಾದ ಕಮರಿಗಳು. ಮೂರು ಕಡೆ ಕಲ್ಲಿನ ಗೋಡೆ, ಒಂದು ಕಡೆಯಿಂದ ಮಾತ್ರ ದಾರಿ. ನಡೆಯುತ್ತಾ ಒಳಗೆ ಹೋದರೆ ತುದಿಯಲ್ಲಿ ದಾರಿ ನಿಲ್ಲುತ್ತದೆ, ಅಲ್ಲೇ ಮೇಲಿನಿಂದ ನೀರು ಬೀಳುತ್ತದೆ. ಹಾಗೆಯೇ ಜೋಗದ ಲೆಕ್ಕದಲ್ಲಿ ಜಲಪಾತವನ್ನೂ ನಿರೀಕ್ಷಿಸಬೇಡಿ. ಇಲ್ಲಿನ ಚೆಂದ ಬೇರೆ. ಜಲಪಾತದ ಬುಡದಲ್ಲೇ ನಿಂತು ಗೋಡೆಯ ಪಾಚಿಯನ್ನೂ ನೀರಿನ ಎಳೆಗಳನ್ನೂ ಹತ್ತಿರದಿಂದ ನೋಡಬಹುದು.

ಇನ್ನೂ ಮೂರು ಪದ ತಿಳಿದಿರಲಿ. "ಬ್ಲಫ್" ಅಂದರೆ ನದಿಯ ಪಕ್ಕ ಎದ್ದು ನಿಂತ ಎತ್ತರದ ಕಡಿದಾದ ದಂಡೆ. "ಓವರ್‌ಹ್ಯಾಂಗ್" ಅಂದರೆ ಚಾವಣಿಯ ಹಾಗೆ ಮುಂದಕ್ಕೆ ಚಾಚಿಕೊಂಡ ಬಂಡೆ. "ಎಫೆಮರಲ್" ಅಂತ ಗೈಡ್‌ಗಳು ಮತ್ತೆ ಮತ್ತೆ ಹೇಳುತ್ತಾರೆ. ಮರಗಳಿಗೆ ಎಲೆ ಬರುವ ಮೊದಲೇ ಅರಳಿ, ಕೆಲವೇ ವಾರಗಳಲ್ಲಿ ನೆಲದೊಳಗೆ ಮರೆಯಾಗುವ ಕಾಡುಹೂಗಳಿಗೆ ಆ ಹೆಸರು.

ಹಂತ 1: ದಿನ ಆರಿಸಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಇಲ್ಲಿನ ಜಲಪಾತಗಳಿಗೆ ವರ್ಷವಿಡೀ ತುಂಬಿ ಹರಿಯುವ ಹೊಳೆಯ ಆಸರೆ ಇಲ್ಲ. ಮೇಲಿನ ಬಯಲಿನಲ್ಲಿ ಕರಗಿದ ಹಿಮ, ಬಿದ್ದ ಮಳೆ ಸಣ್ಣ ಸಣ್ಣ ತೊರೆಗಳಾಗಿ ಬಂದು ಕಮರಿಗೆ ಧುಮುಕುತ್ತವೆ, ಅಷ್ಟೇ. ಹಾಗಾಗಿ ಹಿಮ ಕರಗುವಾಗ ಮತ್ತು ಜೋರು ಮಳೆಯ ಮರುದಿನ ನೀರು ಚೆನ್ನಾಗಿರುತ್ತದೆ. ಮಳೆಯಿಲ್ಲದ ಬೇಸಿಗೆಯಲ್ಲಿ ಹೋದರೆ ಒದ್ದೆ ಗೋಡೆ ಮಾತ್ರ. ನಾನು ಮೊದಲ ಸಲ ಜುಲೈ ಕೊನೆಯಲ್ಲಿ ಹೋಗಿ ನೋಡಿದ್ದು ಅದನ್ನೇ.

ಹೂಗಳದ್ದು ಬೇರೆ ಲೆಕ್ಕ. ಅವಕ್ಕೆ ಬೇಕಾಗಿರುವುದು ಬಿಸಿಲು. ಹಿಮ ಹೋಗಿ ನೆಲ ಬೆಚ್ಚಗಾಗಬೇಕು, ಆದರೆ ಮೇಲಿನ ಓಕ್, ಮೇಪಲ್ ಮರಗಳು ಎಲೆ ಬಿಟ್ಟು ನೆರಳು ಕವಿಯುವುದರೊಳಗೆ ಅರಳಿ ಮುಗಿಸಬೇಕು. ಇರುವುದು ಆ ಪುಟ್ಟ ಸಂದು ಮಾತ್ರ.

ಅಂದರೆ ಮಾರ್ಚ್‌ನಲ್ಲಿ ನೀರು ಉಂಟು, ಹೂವು ಕಡಿಮೆ. ಮೇ ತಿಂಗಳಲ್ಲಿ ಹೂವು, ಹಸಿರು ಎರಡೂ ಉಂಟು, ನೀರು ಮಳೆಯನ್ನು ನಂಬಿಕೊಂಡಿರುತ್ತದೆ. ಎರಡೂ ಬೇಕು ಅನ್ನುವವರಿಗೆ ನಾನು ಹೇಳುವುದು ಏಪ್ರಿಲ್‌ನ ದ್ವಿತೀಯಾರ್ಧ, ಮಳೆ ಬಂದು ಒಂದು ದಿನ ಕಳೆದ ಮೇಲೆ. ಮಳೆಯ ದಿನವೇ ಬೇಡ, ಕಾರಣ ಮುಂದೆ ಹೇಳುತ್ತೇನೆ. ಚಳಿ ಹೆಚ್ಚು ದಿನ ಎಳೆದ ವರ್ಷ ಹೂಗಳು ಒಂದೆರಡು ವಾರ ತಡವಾಗುತ್ತವೆ. ಹಾಗಾಗಿ ಹೋದ ವರ್ಷದ ಫೋಟೋದ ತಾರೀಕು ನೋಡಿ ಈ ವರ್ಷದ ದಿನ ನಿಗದಿ ಮಾಡಬೇಡಿ. ಹೊರಡುವ ವಾರದಲ್ಲಿ ಪಾರ್ಕಿನ ವಿಸಿಟರ್ ಸೆಂಟರ್‌ಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಈಗ ಯಾವ ಕ್ಯಾನಿಯನ್‌ನಲ್ಲಿ ನೀರಿದೆ, ಯಾವ ದಾರಿಗಳು ಮುಚ್ಚಿವೆ? ದಾರಿ ರಿಪೇರಿ, ಮೆಟ್ಟಿಲು ರಿಪೇರಿ ಅಂತ ಆಗಾಗ ಕೆಲವು ಭಾಗ ಮುಚ್ಚುತ್ತಾರೆ.

ಶನಿವಾರ, ಭಾನುವಾರ ಹವೆ ಚೆನ್ನಾಗಿದ್ದರೆ ಪಾರ್ಕಿಂಗ್ ತುಂಬಿ ಗೇಟ್ ಹಾಕುವುದೂ ಉಂಟು. ರಜೆ ಹಾಕಲು ಸಾಧ್ಯವಿದ್ದರೆ ವಾರದ ನಡುವೆ ಹೋಗಿ. ಇಲ್ಲದಿದ್ದರೆ ಬೆಳಗ್ಗೆ ಬೇಗ ತಲುಪಿ.

ಹಂತ 2: ಗೈಡ್ ನಡಿಗೆಗೆ ಹೆಸರು ಕೊಡಿ

ಗೈಡ್ ಕಡ್ಡಾಯ ಅಲ್ಲ. ನೀವೇ ಹೋಗಬಹುದು, ದಾರಿಯ ಗುರುತುಗಳು ಚೆನ್ನಾಗಿವೆ. ಆದರೂ ಮೊದಲ ಸಲ ಹೋಗುವವರು, ಅದರಲ್ಲೂ ಹೂವಿಗೋಸ್ಕರ ಹೋಗುವವರು, ಗೈಡ್ ಜೊತೆ ಹೋಗಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿನ ಹೂಗಳಲ್ಲಿ ಹಲವು ಕೆಲವೇ ಅಂಗುಲ ಎತ್ತರದವು. ಒಣಗಿದ ಎಲೆಗಳ ನಡುವೆ ಇರುತ್ತವೆ. ನೀವು ಜಲಪಾತದ ಕಡೆ ಕಣ್ಣಿಟ್ಟು ನಡೆದರೆ ಕಾಲ ಪಕ್ಕದ ನೂರು ಹೂವು ತಪ್ಪಿಹೋಗುತ್ತದೆ. ಗೈಡ್ ನಿಲ್ಲಿಸಿ ಬೆರಳು ತೋರಿಸಿದ ಮೇಲೆಯೇ "ಅಯ್ಯೋ, ಇಲ್ಲೆಲ್ಲಾ ಇದೆಯಲ್ಲ!" ಅನ್ನಿಸುವುದು.

ನಡಿಗೆಗಳನ್ನು ಏರ್ಪಡಿಸುವುದು ಎರಡು ಕಡೆಯವರು. ಒಂದು ಪಾರ್ಕಿನ ವಿಸಿಟರ್ ಸೆಂಟರ್, ಇನ್ನೊಂದು ಬ್ಲಫ್ ಮೇಲಿರುವ ಸ್ಟಾರ್ವ್ಡ್ ರಾಕ್ ಲಾಡ್ಜ್. ವೇಳಾಪಟ್ಟಿ, ಶುಲ್ಕ ಇದೆಯೋ ಇಲ್ಲವೋ, ಮೊದಲೇ ಬುಕ್ ಮಾಡಬೇಕೋ ಎಲ್ಲವೂ ಬೇರೆ ಬೇರೆ. ಬುಕ್ ಮಾಡುವಾಗ ಇಷ್ಟು ಕೇಳಿಕೊಳ್ಳಿ:

- ಒಟ್ಟು ಎಷ್ಟು ಮೈಲಿ, ಎಷ್ಟು ಗಂಟೆ?
- ಮೆಟ್ಟಿಲು ಜಾಸ್ತಿ ಇದೆಯಾ?
- ಯಾವ ಯಾವ ಕ್ಯಾನಿಯನ್?
- ಮಕ್ಕಳಿಗೆ ಕನಿಷ್ಠ ವಯಸ್ಸು ಇಟ್ಟಿದ್ದಾರಾ?
- ಮಳೆ ಬಂದರೆ ರದ್ದಾ, ದುಡ್ಡು ವಾಪಸ್ಸಾ?
- ನಡಿಗೆ ಶುರುವಾಗುವುದು ಎಲ್ಲಿಂದ?

ಕೊನೆಯ ಪ್ರಶ್ನೆ ಮರೆಯಬೇಡಿ. ವಿಸಿಟರ್ ಸೆಂಟರ್ ಇರುವುದು ಕೆಳಗೆ, ನದಿಯ ಹತ್ತಿರ. ಲಾಡ್ಜ್ ಇರುವುದು ಮೇಲೆ. ಎರಡಕ್ಕೂ ಬೇರೆ ಬೇರೆ ಪಾರ್ಕಿಂಗ್. ಒಂದು ಕಡೆ ಕಾಯುತ್ತಾ ನಿಂತರೆ ಇನ್ನೊಂದು ಕಡೆಯಿಂದ ಗುಂಪು ಹೊರಟುಬಿಟ್ಟಿರುತ್ತದೆ.

ಹಂತ 3: ನಿಮ್ಮ ಮನೆಯವರಿಗೆ ಹೊಂದುವ ದಾರಿ ಆರಿಸಿ

18 ಕ್ಯಾನಿಯನ್ ಇವೆ ಅಂತ ಹದಿನೆಂಟನ್ನೂ ನೋಡಲು ಹೊರಡಬೇಡಿ. ಒಂದು ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಸಾಕು. ಓಡಿ ಓಡಿ ಆರು ನೋಡಿದವರಿಗೆ ಸಂಜೆ ಯಾವುದೂ ನೆನಪಿರುವುದಿಲ್ಲ.

ವಿಸಿಟರ್ ಸೆಂಟರ್‌ನಿಂದ ದೂರ ಹೀಗಿದೆ, ಒಂದು ಕಡೆಗೆ, ಸುಮಾರಾಗಿ:

- ಫ್ರೆಂಚ್ ಕ್ಯಾನಿಯನ್: ಅರ್ಧ ಮೈಲಿಯೊಳಗೆ. ಎಲ್ಲಕ್ಕಿಂತ ಹತ್ತಿರ.
- ವೈಲ್ಡ್‌ಕ್ಯಾಟ್ ಕ್ಯಾನಿಯನ್: 1 ಮೈಲಿ. ಎತ್ತರದ ಜಲಪಾತ ಬೇಕು ಅನ್ನುವವರಿಗೆ.
- ಸೇಂಟ್ ಲೂಯಿಸ್ ಕ್ಯಾನಿಯನ್: ಒಂದೂವರೆ ಮೈಲಿ, ಪಶ್ಚಿಮಕ್ಕೆ.
- ಲಸಾಲ್ ಕ್ಯಾನಿಯನ್: 2 ಮೈಲಿ, ಪೂರ್ವಕ್ಕೆ.

ಮಳೆ ಕಡಿಮೆಯಾದರೂ ಸ್ವಲ್ಪ ಹೆಚ್ಚು ದಿನ ನೀರು ನಿಲ್ಲುವುದು ಫ್ರೆಂಚ್, ಲಸಾಲ್, ಸೇಂಟ್ ಲೂಯಿಸ್, ಒಟ್ಟಾವಾ ಕ್ಯಾನಿಯನ್‌ಗಳಲ್ಲಿ. ಅನುಮಾನ ಇದ್ದರೆ ಇವುಗಳನ್ನೇ ಹಿಡಿಯಿರಿ.

ಹತ್ತಿರ ಅಂತ ಎಲ್ಲರೂ ಮೊದಲು ಫ್ರೆಂಚ್ ಕ್ಯಾನಿಯನ್‌ಗೆ ನುಗ್ಗುತ್ತಾರೆ. ದೂರ ಕಡಿಮೆ ನಿಜ, ಆದರೆ ಸುಲಭ ಅಲ್ಲ. ಕೊನೆಯ ಭಾಗದಲ್ಲಿ ಇಕ್ಕಟ್ಟಾದ ಒದ್ದೆ ಕಲ್ಲಿನ ಮೇಲೆ, ಹರಿಯುವ ನೀರಿನ ಪಕ್ಕದಲ್ಲೇ ಹತ್ತಬೇಕು. ಅಲ್ಲಿ ಜಾರಿದವರು ಬಹಳ. ಮಂಡಿನೋವು ಇರುವವರನ್ನು ಅಲ್ಲಿಗೆ ಎಳೆದುಕೊಂಡು ಹೋಗಬೇಡಿ. ಕ್ಯಾನಿಯನ್ ಬಾಯಿಯಲ್ಲೇ ನಿಂತು ನೋಡಲಿ.

ಅಪ್ಪ ಅಮ್ಮನ ಜೊತೆ ಹೋಗುವವರು ವಿಸಿಟರ್ ಸೆಂಟರ್ ಸುತ್ತಲ ಸಮತಟ್ಟು ದಾರಿ, ಆಮೇಲೆ ಲಾಡ್ಜ್ ಅಂತ ಇಟ್ಟುಕೊಳ್ಳಬಹುದು. ಈ ಲಾಡ್ಜ್ 1930ರ ದಶಕದಲ್ಲಿ, ಆರ್ಥಿಕ ಕುಸಿತದ ಕಾಲಕ್ಕೆ ಯುವಕರಿಗೆ ಕೆಲಸ ಕೊಡಲೆಂದು ಶುರುವಾದ ಸಿವಿಲಿಯನ್ ಕನ್ಸರ್ವೇಷನ್ ಕೋರ್‌ನ ಹುಡುಗರು ಕಟ್ಟಿದ್ದು. ದಪ್ಪ ಮರದ ದಿಮ್ಮಿ, ದೊಡ್ಡ ಕಲ್ಲಿನ ಬೆಂಕಿಗೂಡು, ಕೂತುಕೊಳ್ಳಲು ಬೆಚ್ಚನೆಯ ಜಾಗ. ನಡೆಯಲಾಗದವರು ಅಲ್ಲಿ ಆರಾಮಾಗಿ ಕಾಯಬಹುದು. ಇನ್ನೊಂದು ಉಪಾಯ: ರೂಟ್ 71ರ ಪಕ್ಕದ ಪಾರ್ಕಿಂಗ್‌ನಿಂದ ಒಟ್ಟಾವಾ, ಕಸ್ಕಾಸ್ಕಿಯಾ ಕ್ಯಾನಿಯನ್‌ಗಳೂ ಕೌನ್ಸಿಲ್ ಓವರ್‌ಹ್ಯಾಂಗ್ ಎಂಬ ದೊಡ್ಡ ಬಂಡೆಯ ಚಾವಣಿಯೂ ಹತ್ತಿರ. ಉದ್ದುದ್ದ ಮೆಟ್ಟಿಲ ಸಾಲು ಹತ್ತಿಳಿಯುವ ಕಷ್ಟ ಅಲ್ಲಿ ಕಡಿಮೆ. ಮಕ್ಕಳಿಗೂ ಆ ಭಾಗ ಇಷ್ಟವಾಗುತ್ತದೆ.

ಮಗುವಿನ ತಳ್ಳುಗಾಡಿ ತರಬೇಡಿ. ಮರದ ಮೆಟ್ಟಿಲುಗಳು ಬಂದಾಗ ಅದನ್ನು ಹೊತ್ತುಕೊಂಡು ನಡೆಯಬೇಕಾಗುತ್ತದೆ. ಬೆನ್ನಿಗೆ ಕಟ್ಟುವ ಚೀಲ ಒಳ್ಳೆಯದು.

ಹಂತ 4: ಚೀಲ ತುಂಬಿಕೊಳ್ಳಿ

ಮುಖ್ಯವಾದದ್ದು ಶೂ. ಅಡಿಯಲ್ಲಿ ಆಳವಾದ ಹಲ್ಲುಗಳಿರುವ, ಹಿಡಿತ ಇರುವ ಶೂ. ಮರಳುಗಲ್ಲಿನ ಮೇಲೆ ತೆಳ್ಳಗೆ ಪಾಚಿ, ಅದರ ಮೇಲೆ ನೀರು ಇದ್ದರೆ ಸಾಬೂನಿನ ಹಾಗೆ ಜಾರುತ್ತದೆ. ಒಂದು ಜೊತೆ ಒಣ ಕಾಲುಚೀಲ ಬ್ಯಾಗಿನಲ್ಲಿ, ಇನ್ನೊಂದು ಜೊತೆ ಶೂ ಕಾರಿನಲ್ಲಿ ಇರಲಿ.

ಬಟ್ಟೆ ಪದರ ಪದರವಾಗಿ ಹಾಕಿಕೊಳ್ಳಿ. ಬ್ಲಫ್ ಮೇಲೆ ಬಿಸಿಲಿಗೆ ಬೆವರು ಬರುವ ದಿನವೂ ಕ್ಯಾನಿಯನ್ ಒಳಗೆ ಕಾಲಿಟ್ಟರೆ ಥಂಡಿ ಹೊಡೆಯುತ್ತದೆ. ಜೀನ್ಸ್ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಬೇರೆ ಪ್ಯಾಂಟ್ ಹಾಕಿ. ಕಾಲು ಪೂರ್ತಿ ಮುಚ್ಚಲಿ. ಮಳೆ ಜಾಕೆಟ್, ಒಬ್ಬೊಬ್ಬರಿಗೆ ಕನಿಷ್ಠ ಒಂದು ಲೀಟರ್ ನೀರು, ತಿನ್ನಲು ಏನಾದರೂ, ಒಂದು ಊರುಗೋಲು. ದಾರಿಯ ನಕ್ಷೆಯನ್ನು ವಿಸಿಟರ್ ಸೆಂಟರ್‌ನಲ್ಲೇ ಕೇಳಿ ಪಡೆಯಿರಿ. ಕಮರಿಗಳ ಒಳಗೆ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ.

ಹಂತ 5: ತಲುಪಿ, ದಾರಿಯ ಗುರುತು ಓದಲು ಕಲಿಯಿರಿ

ಶಿಕಾಗೋ ಕಡೆಯಿಂದ ಬರುವವರು ಇಂಟರ್‌ಸ್ಟೇಟ್ 80ರಲ್ಲಿ 81ನೇ ಎಕ್ಸಿಟ್ ಹಿಡಿದು, ರೂಟ್ 178ರಲ್ಲಿ ದಕ್ಷಿಣಕ್ಕೆ ಯೂಟಿಕಾ ದಾಟಿ, ನದಿಯ ಸೇತುವೆ ದಾಟಬೇಕು. ನಡಿಗೆಯ ಸಮಯಕ್ಕೆ ಅರ್ಧ ಗಂಟೆ ಮುಂಚೆ ಅಲ್ಲಿರಿ. ಶೌಚಾಲಯಕ್ಕೆ ಆಗಲೇ ಹೋಗಿಬನ್ನಿ, ಕಮರಿಗಳ ಒಳಗೆ ಇಲ್ಲ.

ಗೈಡ್ ಜೊತೆ ಇದ್ದರೂ ಗುರುತು ಗೊತ್ತಿರಲಿ. ಮರಗಳ ಮೇಲೆ ಹಳದಿ ಚುಕ್ಕೆ ಕಂಡರೆ ನೀವು ವಿಸಿಟರ್ ಸೆಂಟರ್‌ನಿಂದ ದೂರ ಹೋಗುತ್ತಿದ್ದೀರಿ. ಬಿಳಿ ಚುಕ್ಕೆ ಕಂಡರೆ ವಾಪಸ್ ಬರುತ್ತಿದ್ದೀರಿ. ದಾರಿಗಳಿಗೂ ಬಣ್ಣ ಇದೆ: ನದಿಯ ಪಕ್ಕದ್ದು ಕೆಂಪು, ಬ್ಲಫ್ ಮೇಲಿನದು ಕಂದು, ಒಳಗಿನ ಸಂಪರ್ಕ ದಾರಿ ಹಸಿರು. ಮಕ್ಕಳಿಗೆ ಮೊದಲೇ ಹೇಳಿಕೊಡಿ, ಅವರೇ ನಿಮಗೆ ದಾರಿ ತೋರಿಸುತ್ತಾರೆ.

ಹಂತ 6: ಗುಂಪಿನಲ್ಲಿ ನಡೆಯುವಾಗ

ನಿಧಾನ ನಡೆಯುವವರು ಕೊನೆಯಲ್ಲಿ ಉಳಿಯಬೇಡಿ, ಗೈಡ್ ಹಿಂದೆಯೇ ಇರಿ. ಆಗ ಇಡೀ ಗುಂಪು ನಿಮ್ಮ ನಡಿಗೆಗೆ ಹೊಂದಿಕೊಳ್ಳುತ್ತದೆ, ಗೈಡ್ ಹೇಳುವುದೂ ಕೇಳಿಸುತ್ತದೆ. ಕೊನೆಯಲ್ಲಿದ್ದರೆ ನೀವು ತಲುಪುವ ಹೊತ್ತಿಗೆ ಮಾತು ಮುಗಿದು ಗುಂಪು ಮತ್ತೆ ಹೊರಟಿರುತ್ತದೆ. ದಣಿವು ಆರುವುದೇ ಇಲ್ಲ. ಮಂಡಿನೋವು, ಉಬ್ಬಸ, ಎತ್ತರದ ಭಯ ಏನೇ ಇದ್ದರೂ ಹೊರಡುವ ಮೊದಲೇ ಗೈಡ್‌ಗೆ ಹೇಳಿಬಿಡಿ. ಸಂಕೋಚ ಬೇಡ.

ಗೋಡೆಯ ಮೇಲೆ ಒಮ್ಮೆ ಬೆರಳು ಇಟ್ಟು ನೋಡಿ. ಇದು ಸೇಂಟ್ ಪೀಟರ್ ಮರಳುಗಲ್ಲು, 40 ಕೋಟಿ ವರ್ಷಕ್ಕಿಂತ ಹಳೆಯದು, ಒಂದು ಕಾಲದ ಸಮುದ್ರದ ಮರಳು. ಕಣಗಳು ಒಂದಕ್ಕೊಂದು ಅಷ್ಟು ಗಟ್ಟಿಯಾಗಿ ಅಂಟಿಕೊಂಡಿಲ್ಲ, ಬೆರಳಿಗೆ ಬಿಳಿ ಮರಳು ಹತ್ತುತ್ತದೆ. ಹಿಮಯುಗ ಮುಗಿಯುತ್ತಾ ಬಂದಾಗ ಹಿಮನದಿಗಳ ಕರಗಿದ ನೀರು ಕಟ್ಟೆಯೊಡೆದು ನುಗ್ಗಿ ಇಲಿನಾಯ್ ನದಿಯ ಕಣಿವೆಯನ್ನು ಕೊರೆಯಿತು. ಅದಕ್ಕೆ ಕ್ಯಾನ್ಕಕೀ ಪ್ರವಾಹ ಅಂತ ಹೆಸರು. ಆಮೇಲೆ ಪಕ್ಕದ ತೊರೆಗಳು ಈ ಮೆತ್ತನೆ ಕಲ್ಲನ್ನು ಸವೆಸಿ ಕ್ಯಾನಿಯನ್‌ಗಳನ್ನು ಮಾಡಿದವು. ಬೆರಳಿಗೇ ಉದುರುವ ಕಲ್ಲು ಅಂದ ಮೇಲೆ ಅದರ ಅಂಚಿನಲ್ಲಿ ನಿಲ್ಲುವುದು ಎಷ್ಟು ಅಪಾಯ ಅಂತ ನೀವೇ ಯೋಚಿಸಿ. ಹೆಸರು ಕೆತ್ತುವುದಂತೂ ಖಂಡಿತಾ ಬೇಡ.

ಲಸಾಲ್ ಕ್ಯಾನಿಯನ್‌ಗೆ ಹೋದವರು ಜಲಪಾತದ ಹಿಂದೆ ಹೋಗದೆ ಬರಬೇಡಿ. ಬಂಡೆ ಮುಂದಕ್ಕೆ ಚಾಚಿ, ಹಿಂದೆ ಜಾಗ ಬಿಟ್ಟಿದೆ. ಅಲ್ಲಿ ನಿಂತರೆ ನೀರಿನ ಪರದೆಯ ಆಚೆ ಕಮರಿಯ ಹಸಿರು ಅಲುಗಾಡಿದ ಹಾಗೆ ಕಾಣುತ್ತದೆ, ಮಾತಾಡಿದರೆ ದನಿ ಗುಮ್ಮೆನ್ನುತ್ತದೆ. ನೆಲ ಸದಾ ಒದ್ದೆ. ಒಂದೊಂದೇ ಹೆಜ್ಜೆ ಇಡಿ, ಮಕ್ಕಳ ಕೈ ಹಿಡಿದುಕೊಳ್ಳಿ.

ಹಂತ 7: ಹೂ ನೋಡುವ ಕ್ರಮ

ಬಗ್ಗಿ ನೋಡಬೇಕು. ಅದು ಬಿಟ್ಟು ಬೇರೆ ದಾರಿ ಇಲ್ಲ.

ಮೊದಲು ಬರುವವುಗಳಲ್ಲಿ ಹೆಪಾಟಿಕಾ, ಬ್ಲಡ್‌ರೂಟ್. ಬ್ಲಡ್‌ರೂಟ್ ಬರುವುದನ್ನು ನೋಡುವುದೇ ಒಂದು ಖುಷಿ. ಒಂದೇ ಎಲೆ ಶಾಲಿನ ಹಾಗೆ ದಂಟನ್ನು ಸುತ್ತಿಕೊಂಡಿರುತ್ತದೆ, ಅದರ ನಡುವಿನಿಂದ ಬಿಳಿ ಹೂವು ತಲೆ ಎತ್ತುತ್ತದೆ. ಬಿಸಿಲಿಗೆ ಅರಳುತ್ತದೆ, ಸಂಜೆಗೆ ಮುಚ್ಚಿಕೊಳ್ಳುತ್ತದೆ. ಕೆಲವೇ ದಿನಕ್ಕೆ ಪಕಳೆ ಉದುರುತ್ತವೆ. ಬೇರಿನ ರಸ ರಕ್ತದ ಬಣ್ಣ, ಅದಕ್ಕೇ ಆ ಹೆಸರು. ರಸ ಚರ್ಮಕ್ಕೆ ಒಳ್ಳೆಯದಲ್ಲ, ಪರೀಕ್ಷೆ ಮಾಡಲು ಕೀಳಬೇಡಿ.

ಆಮೇಲೆ ಏಪ್ರಿಲ್‌ನಲ್ಲಿ ಡಚ್‌ಮನ್ಸ್ ಬ್ರೀಚಸ್. ತಂತಿಯ ಮೇಲೆ ಪುಟಾಣಿ ಬಿಳಿ ಚಡ್ಡಿಗಳನ್ನು ತಲೆಕೆಳಗಾಗಿ ಒಣಹಾಕಿದ ಹಾಗೆ ಕಾಣುತ್ತದೆ. ಸ್ಪ್ರಿಂಗ್ ಬ್ಯೂಟಿಯ ಪಕಳೆಗಳ ಮೇಲೆ ಪೆನ್ಸಿಲ್‌ನಲ್ಲಿ ಎಳೆದಂಥ ಗುಲಾಬಿ ಗೆರೆ. ವರ್ಜೀನಿಯಾ ಬ್ಲೂಬೆಲ್ ನೀರಿನ ಹತ್ತಿರದ ತಂಪು ಮಣ್ಣಿನಲ್ಲಿ ಬೆಳೆಯುತ್ತದೆ. ಅದರ ಮೊಗ್ಗು ಗುಲಾಬಿ, ಅರಳಿದಾಗ ನೀಲಿ. ಒಂದೇ ಗೊಂಚಲಲ್ಲಿ ಎರಡೂ ಬಣ್ಣ ಸಿಗುತ್ತದೆ. ಏಪ್ರಿಲ್ ಕೊನೆ, ಮೇ ಹೊತ್ತಿಗೆ ಮೂರೆಲೆ ಮೂರು ಪಕಳೆಯ ಟ್ರಿಲಿಯಂ, ಛತ್ರಿಯಂಥ ಮೇ ಆ್ಯಪಲ್. ಮೇ ಆ್ಯಪಲ್‌ನಲ್ಲಿ ಎರಡು ಎಲೆ ಇರುವ ಗಿಡವನ್ನೇ ಹುಡುಕಿ, ಒಂಟಿ ಎಲೆಯ ಗಿಡ ಹೂ ಬಿಡುವುದಿಲ್ಲ. ಹೂವು ಎಲೆಗಳ ಕೆಳಗೆ, ಕವಲಿನಲ್ಲಿ ಅಡಗಿರುತ್ತದೆ.

ಒಂದು ಹೂವನ್ನೂ ಕೀಳಬಾರದು. ಪಾರ್ಕಿನ ನಿಯಮ ಹೌದು, ಆದರೆ ಕಾರಣವೂ ಗೊತ್ತಿರಲಿ. ಟ್ರಿಲಿಯಂ ಬೀಜದಿಂದ ಮೊದಲ ಹೂವಿಗೆ ಬರಲು ಏಳು ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಿಡಿಯುತ್ತದೆ. ಅದರ ಬೀಜ ಹರಡುವುದು ಇರುವೆಗಳು. ಬೀಜಕ್ಕೆ ಅಂಟಿದ ಕೊಬ್ಬಿನ ತುಣುಕಿನ ಆಸೆಗೆ ಗೂಡಿಗೆ ಎಳೆದುಕೊಂಡು ಹೋಗುತ್ತವೆ. ಒಂದು ಗಿಡ ಕೆಲವು ಅಡಿ ಆಚೆ ಹರಡಲು ಎಷ್ಟು ವರ್ಷ ಬೇಕು ನೋಡಿ. ಹೂವನ್ನೇ ಕೀಳಬೇಕಿಲ್ಲ, ಎಲೆ ತುಳಿದರೂ ಸಾಕು. ವರ್ಷದ ಊಟವನ್ನು ಈ ಕೆಲವು ವಾರಗಳಲ್ಲೇ ಆ ಎಲೆಗಳು ಮಾಡಿಕೊಳ್ಳಬೇಕು. ಹಾಗಾಗಿ ಫೋಟೋ ತೆಗೆಯುವಾಗ ಮಂಡಿ ಊರಿ, ಆದರೆ ದಾರಿಯ ಮೇಲೇ ಊರಿ. ಕ್ಯಾಮೆರಾ ಮಾತ್ರ ಮುಂದೆ ಹೋಗಲಿ.

ಹಂತ 8: ಇವುಗಳ ಬಗ್ಗೆ ಎಚ್ಚರ

*ಅಂಚು.* ಸ್ಟಾರ್ವ್ಡ್ ರಾಕ್ ಎಂಬ ಬಂಡೆಯೇ ನದಿಯಿಂದ 125 ಅಡಿ ಎತ್ತರ. ಅದರ ಮೇಲೆ 1680ರ ದಶಕದಲ್ಲಿ ಫ್ರೆಂಚರು ಕೋಟೆ ಕಟ್ಟಿದ್ದರು. ಅಲ್ಲೂ, ಬ್ಲಫ್‌ಗಳ ಮೇಲೂ ಬೇಲಿ ದಾಟಬೇಡಿ. ಒಂದು ಫೋಟೋಗಾಗಿ ಅಂಚಿಗೆ ಹೋಗಿ ಬಿದ್ದು ಸತ್ತವರಿದ್ದಾರೆ. ಬಂಡೆ ಹತ್ತುವುದೂ ನಿಷಿದ್ಧ.

*ನೀರು.* ಜಲಪಾತದ ಕೊಳ, ತೊರೆ, ನದಿ, ಎಲ್ಲೂ ಇಳಿಯುವ ಹಾಗಿಲ್ಲ. ನದಿಗೆ ಅಣೆಕಟ್ಟೆ ಇದೆ, ಅದರ ಕೆಳಗಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ.

*ಗುಡುಗು ಮಳೆ.* ಮಳೆಯ ದಿನ ಬೇಡ ಅಂದಿದ್ದು ಇದಕ್ಕೇ. ಇಕ್ಕಟ್ಟು ಕಮರಿಯಲ್ಲಿ ನೀರು ಬೇಗ ಏರುತ್ತದೆ, ಹೊರಬರಲು ಇರುವುದು ಒಂದೇ ಬಾಯಿ. ಆಕಾಶ ಕಪ್ಪಾದರೆ ಗೈಡ್ ಹೇಳುವವರೆಗೂ ಕಾಯದೆ ವಾಪಸ್ ತಿರುಗಿ.

*ಮಾರ್ಚ್‌ನ ಮಂಜುಗಡ್ಡೆ.* ಚಳಿಗಾಲದಲ್ಲಿ ಜಲಪಾತಗಳು ಗಟ್ಟಿಯಾಗಿ ಕಂಬಗಳಾಗುತ್ತವೆ. ಬಿಸಿಲು ಬಂದಾಗ ಅವು ಮುರಿದು ಬೀಳುತ್ತವೆ. ನೇತಾಡುವ ಮಂಜಿನ ಕೆಳಗೆ ನಿಲ್ಲಬೇಡಿ.

*ಪಾಯ್ಸನ್ ಐವಿ.* ಮುಟ್ಟಿದರೆ ತುರಿಕೆ, ಗುಳ್ಳೆ. ಒಂದೇ ತೊಟ್ಟಿಗೆ ಮೂರು ಎಲೆ. ವಸಂತದ ಚಿಗುರು ಕೆಂಪಗೆ ಹೊಳೆಯುತ್ತಾ ಚೆಂದ ಕಾಣುತ್ತದೆ, ಮಕ್ಕಳು ಕೈ ಹಾಕುವುದು ಅದಕ್ಕೇ.

*ಉಣುಗು, ಅಂದರೆ ಟಿಕ್.* ವಸಂತದಲ್ಲೇ ಇವುಗಳ ಓಡಾಟ ಶುರು. ಜಿಂಕೆ ಟಿಕ್‌ನಿಂದ ಲೈಮ್ ಕಾಯಿಲೆ ಬರಬಹುದು. ದೊಡ್ಡದು ಎಳ್ಳಿನಷ್ಟು, ಮರಿ ಗಸಗಸೆಯಷ್ಟು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಹುಲ್ಲು ಸವರಿಕೊಂಡು ನಡೆಯಬೇಡಿ.

ಹಂತ 9: ಗೇಟ್ ಹಾಕಿದ್ದರೆ

ಮನೆಗೆ ತಿರುಗಬೇಡಿ. ದಕ್ಷಿಣಕ್ಕೆ ಕೆಲವೇ ನಿಮಿಷ ದೂರದಲ್ಲಿ ಮ್ಯಾಥೀಸನ್ ಸ್ಟೇಟ್ ಪಾರ್ಕ್ ಇದೆ. ಅದೇ ಮರಳುಗಲ್ಲು, ಅಲ್ಲೂ ಕಮರಿ, ಜಲಪಾತ, ಹೂವು. ಜನ ಸ್ವಲ್ಪ ಕಡಿಮೆ. ನನ್ನನ್ನು ಕೇಳಿದರೆ ಏಪ್ರಿಲ್ ಭಾನುವಾರಕ್ಕೆ ಅದೇ ಒಳ್ಳೆಯ ಆಯ್ಕೆ.

ಹಂತ 10: ವಾಪಸ್ ಹೊರಡುವಾಗ

ಕಾರು ಹತ್ತುವ ಮೊದಲು ಶೂ ಅಡಿಯ ಮಣ್ಣನ್ನು ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ಗಾರ್ಲಿಕ್ ಮಸ್ಟರ್ಡ್ ಎಂಬ ಹೊರಗಿನಿಂದ ಬಂದ ಕಳೆಯ ಬೀಜ ಶೂ ಮಣ್ಣಿನಲ್ಲೇ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಕಾಡುಹೂಗಳ ಜಾಗ ಕಬಳಿಸುತ್ತದೆ. ಹೋಗುವಾಗಲೂ ಶೂ ಹೀಗೇ ಉಜ್ಜಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಮನೆಗೆ ಬಂದ ಕೂಡಲೇ ಎಲ್ಲರೂ ಸ್ನಾನ ಮಾಡಿ, ಬಟ್ಟೆಯನ್ನು ನೇರ ಡ್ರೈಯರ್‌ನ ಬಿಸಿಗೆ ಹಾಕಿ. ಮಂಡಿಯ ಹಿಂದೆ, ಸೊಂಟದ ಸುತ್ತ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡದಲ್ಲಿ ಟಿಕ್ ಇದೆಯಾ ನೋಡಿ. ಮಕ್ಕಳದ್ದು ನೀವೇ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಮೂತಿಯ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆದು ತೆಗೆದು, ಸಾಬೂನಿನಿಂದ ತೊಳೆಯಿರಿ. ಒಂದು ದಿನದೊಳಗೆ ತೆಗೆದರೆ ಲೈಮ್ ತಗಲುವ ಸಂಭವ ತೀರಾ ಕಡಿಮೆ. ತೆಗೆದ ತಾರೀಕನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಅಥವಾ ಚರ್ಮದ ಮೇಲೆ ಹರಡುವ ಕೆಂಪು ಕಲೆ ಕಾಣಿಸಿದರೆ ಆ ತಾರೀಕು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.